ಗುಟ್ಟು ಯಾರ ಕೈಯಲ್ಲಿ? – ಅಪರಾಧ ಕಾದಂಬರಿ ತೆರೆಗೆ ಬರುವ ಬಗೆ



ಕಾದಂಬರಿಯೊಂದು ಸಿನಿಮಾ ಆದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೆ ಎಂಬುದು. ಊರು ಬದಲಾಯಿತೆ, ಪಾತ್ರ ಬಿಟ್ಟುಹೋಯಿತೆ, ಕೊನೆ ಬೇರೆಯಾಯಿತೆ ಎಂದು ಲೆಕ್ಕ ಹಾಕುತ್ತೇವೆ. ಸಾಮಾಜಿಕ ಕಾದಂಬರಿಗಳ ಮಟ್ಟಿಗೆ ಈ ಲೆಕ್ಕದಿಂದ ಅಷ್ಟಿಷ್ಟು ಪ್ರಯೋಜನವಿದೆ. ಅಪರಾಧ ಮತ್ತು ಪತ್ತೇದಾರಿ ಕಾದಂಬರಿಗಳಿಗೆ ಇಷ್ಟೇ ಸಾಲದು. ಅಲ್ಲಿ ಏನು ನಡೆಯಿತು ಎಂಬುದರಷ್ಟೇ, ನಡೆದದ್ದು ಯಾರಿಗೆ ಯಾವಾಗ ತಿಳಿಯುತ್ತದೆ ಎಂಬುದೂ ಮುಖ್ಯ. ಕೊಲೆ ನಡೆದಿದೆ, ಕೊಂದವನೊಬ್ಬನಿದ್ದಾನೆ, ಹುಡುಕುವವನೊಬ್ಬನಿದ್ದಾನೆ. ಇವರ ನಡುವೆ ಓದುಗನನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವೇ ಆ ಕಾದಂಬರಿಯ ಶಿಲ್ಪ. ಪುಸ್ತಕದಿಂದ ತೆರೆಗೆ ಬರುವಾಗ ಈ ತೀರ್ಮಾನವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಹಾಗೆ ಮಾಡಿದ ಚಿತ್ರಗಳು ಉಳಿದಿವೆ. ಘಟನೆಗಳನ್ನು ಮಾತ್ರ ಎತ್ತಿ ತಂದವು ಹೆಚ್ಚಾಗಿ ಮರೆತುಹೋಗಿವೆ. ಈ ಮಾತನ್ನು ಕೆಲವು ಕೃತಿಗಳ ಮೂಲಕ ತಮ್ಮ ಮುಂದೆ ವಿಸ್ತರಿಸಬಯಸುತ್ತೇನೆ. ಈ ಚರ್ಚೆಯಲ್ಲಿ ಹಲವು ಕಥೆಗಳ ಗುಟ್ಟನ್ನು ಬಿಡಿಸಿ ಹೇಳಬೇಕಾಗುತ್ತದೆ. ಓದದವರು, ನೋಡದವರು ಮನ್ನಿಸಬೇಕು.

ಪುಸ್ತಕಕ್ಕೆ ಇರುವ ದೊಡ್ಡ ಅನುಕೂಲ ಧ್ವನಿ. ಕಥೆ ಹೇಳುವವನು ಒಬ್ಬನಿದ್ದಾನೆ, ಅವನು ಹೇಳಿದ್ದಷ್ಟೇ ನಮಗೆ ಗೊತ್ತು. ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ ರೋಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿಯನ್ನು ನೆನೆಯಿರಿ. ಊರಿನ ವೈದ್ಯ ಶೆಪರ್ಡ್ ಕಥೆ ಹೇಳುತ್ತಾ ಹೋಗುತ್ತಾನೆ, ಪತ್ತೇದಾರ ಪೊಯ್ರೊನ ಜೊತೆ ಓಡಾಡುತ್ತಾನೆ, ಕೊನೆಗೆ ಕೊಲೆಗಾರ ಅವನೇ ಎಂದು ತಿಳಿಯುತ್ತದೆ. ಇದು ಮೋಸವೆಂದು ಆಗ ಆಕ್ಷೇಪ ಎತ್ತಿದವರಿದ್ದರು. ಆದರೆ ಮತ್ತೆ ಓದಿದರೆ ವೈದ್ಯ ಎಲ್ಲೂ ಸುಳ್ಳು ಹೇಳಿಲ್ಲ. ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವೆ ಆಗಿಹೋದ ಕೆಲವು ನಿಮಿಷಗಳನ್ನು ಬಿಟ್ಟಿದ್ದಾನೆ, ಅಷ್ಟೆ. ಭಾಷೆಯಲ್ಲಿ ಹೀಗೆ ಬಿಡುವುದು ಸಹಜ. ಯಾವ ಬರಹಗಾರನೂ ಎಲ್ಲವನ್ನೂ ಹೇಳುವುದಿಲ್ಲವೆಂಬುದು ಓದುಗನಿಗೆ ಗೊತ್ತಿರುವುದರಿಂದ ಬಿಟ್ಟದ್ದು ಅವನ ಗಮನಕ್ಕೇ ಬರುವುದಿಲ್ಲ. ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಅದು ಕೋಣೆಯನ್ನು ತೋರಿಸಿದರೆ ಕೋಣೆಯಲ್ಲಿರುವುದೆಲ್ಲ ಕಾಣುತ್ತದೆ. ಒಬ್ಬನ ಮುಖವನ್ನು ಮಾತ್ರ ತೋರಿಸದೆ ಬೂಟು, ಕೈಗವಸು, ನೆರಳು ತೋರಿಸಿದರೆ, ಏನನ್ನೋ ಮುಚ್ಚಿಡುತ್ತಿದ್ದಾರೆಂದು ಮಕ್ಕಳಿಗೂ ತಿಳಿದುಬಿಡುತ್ತದೆ. ಪುಸ್ತಕದಲ್ಲಿ ಕಾಣದಂತೆ ಅಡಗುವ ಗುಟ್ಟು ತೆರೆಯ ಮೇಲೆ ಅಡಗಿ ಕೂತದ್ದು ಕಾಣುವಂತೆ ಅಡಗುತ್ತದೆ.

ಇನ್ನೊಂದು ತೊಡಕು ಕಥೆಯ ಕೊನೆಗೆ ಸಂಬಂಧಿಸಿದ್ದು. ಶಾಸ್ತ್ರೀಯ ಪತ್ತೇದಾರಿ ಕಾದಂಬರಿಯಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ ಪತ್ತೇದಾರ ಸುದೀರ್ಘವಾಗಿ ವಿವರಿಸುತ್ತಾನೆ. ಓದುವಾಗ ಅದು ಸುಖ. ಬೇಕೆಂದರೆ ಹಿಂದಿನ ಪುಟ ತಿರುವಿ ಸುಳಿವನ್ನು ಹೋಲಿಸಿ ನೋಡಬಹುದು. ಚಿತ್ರಮಂದಿರದಲ್ಲಿ ಹಿಂದಿನ ಪುಟವಿಲ್ಲ. ಎರಡು ಗಂಟೆ ಓಡಿದ ಕಥೆ ಕಡೆಯ ಹದಿನೈದು ನಿಮಿಷ ಮಾತಿನಲ್ಲಿ ನಿಂತುಬಿಡುತ್ತದೆ.

ಈ ಎರಡೂ ತೊಡಕುಗಳನ್ನು ಚೆನ್ನಾಗಿ ಅರಿತವರು ಆಲ್ಫ್ರೆಡ್ ಹಿಚ್‌ಕಾಕ್. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ಟ್ರೂಫೊ ನಡೆಸಿದ ದೀರ್ಘ ಸಂದರ್ಶನದಲ್ಲಿ ಅವರು ಕೊಟ್ಟ ಉದಾಹರಣೆ ಸಿನಿಮಾ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಮೇಜಿನ ಕೆಳಗೆ ಬಾಂಬು ಇದೆ. ಅದು ಯಾರಿಗೂ ತಿಳಿಯದೆ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಕೆಲವು ಕ್ಷಣಗಳ ಬೆಚ್ಚು. ಬಾಂಬು ಇರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ, ಅವರಾಡುವ ಅತಿ ಸಾಮಾನ್ಯ ಮಾತೂ ಅವನನ್ನು ನಿಮಿಷಗಟ್ಟಲೆ ಚಡಪಡಿಸುವಂತೆ ಮಾಡುತ್ತದೆ. 

ಗುಟ್ಟನ್ನು ಪ್ರೇಕ್ಷಕನಿಗೆ ಮೊದಲೇ ತಿಳಿಸಿಬಿಡುವ ಈ ತತ್ತ್ವವನ್ನು ಪಾಶ್ಚಾತ್ಯ ಸಿನಿಮಾದ ಶೋಧವೆಂದು ಕೊಂಡಾಡುವ ಅಗತ್ಯ ನಮಗಿಲ್ಲ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕ ನಡೆಯುವುದೇ ಈ ತತ್ತ್ವದ ಮೇಲೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಅವನ ಎದುರಾಳಿ ಚಾಣಕ್ಯನ ಕೈಸೇರಿದ್ದು, ಆ ಮುದ್ರೆಯೊತ್ತಿದ ಪತ್ರ ಸಿದ್ಧವಾದದ್ದು, ರಾಕ್ಷಸ ನಂಬಿರುವವರಲ್ಲಿ ಕೆಲವರು ಚಾಣಕ್ಯನ ಗೂಢಚಾರರೆಂಬುದು ಮೊದಲ ಅಂಕದಲ್ಲೇ ನಮಗೆ ತಿಳಿಯುತ್ತದೆ. ರಾಕ್ಷಸನಿಗೆ ತಿಳಿಯದು. ಅವನು ಒಬ್ಬೊಬ್ಬರನ್ನೇ ನಂಬುತ್ತಾ ಹೋದಂತೆ ನಮ್ಮ ಸಂಕಟ ಹೆಚ್ಚುತ್ತದೆ. ಅದೇ ವಸ್ತುವನ್ನು ಕೆಂಪುನಾರಾಯಣ 1823ರಲ್ಲಿ ಮುದ್ರಾಮಂಜೂಷವಾಗಿ ಕನ್ನಡ ಗದ್ಯಕ್ಕೆ ತಂದ. ಕರ್ಣನ ಕಥೆಯಂತೂ ಇನ್ನೂ ತೀಕ್ಷ್ಣ. ಅವನು ಯಾರ ಮಗನೆಂಬುದು ಆದಿಪರ್ವದಿಂದಲೇ ಕೇಳುಗನಿಗೆ ಗೊತ್ತು. ಕರ್ಣನಿಗೆ ಗೊತ್ತಾಗುವುದು ಯುದ್ಧ ಬಾಗಿಲಿಗೆ ಬಂದಾಗ. ಅರ್ಜುನನಿಗೆ ಗೊತ್ತಾಗುವುದು ಬಾಣ ಬಿಟ್ಟ ಮೇಲೆ. ಒಂದೇ ಗುಟ್ಟು ಮೂವರಿಗೆ ಮೂರು ಹೊತ್ತಿನಲ್ಲಿ ತಿಳಿಯುತ್ತದೆ. ಗಮಕ ಕೇಳಿ, ಬಯಲಾಟ ನೋಡಿ ಬೆಳೆದ ನಮ್ಮ ಜನಕ್ಕೆ ಕೊನೆಯೇನೆಂಬ ಕುತೂಹಲ ಎಂದೂ ಮುಖ್ಯವಾಗಿರಲಿಲ್ಲ. ಗೊತ್ತಿದ್ದೂ ತಡೆಯಲಾರದ ಸ್ಥಿತಿಯೇ ಅವರನ್ನು ರಾತ್ರಿಯಿಡೀ ಕೂರಿಸುತ್ತಿತ್ತು. ಪತ್ತೇದಾರಿ ಸಿನಿಮಾಕ್ಕೆ ಬೇಕಾದ ಶಿಕ್ಷಣ ಕನ್ನಡ ಪ್ರೇಕ್ಷಕನಿಗೆ ಸಿನಿಮಾ ಹುಟ್ಟುವ ಮೊದಲೇ ಆಗಿತ್ತೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಈಗ ನನ್ನ ಮುಖ್ಯ ಉದಾಹರಣೆಗೆ ಬರುತ್ತೇನೆ. ಪಿಯೆರ್ ಬೊಯ್ಲೊ ಮತ್ತು ತೊಮಾ ನಾರ್ಸೆಜಾಕ್ ಜೋಡಿಯಾಗಿ ಬರೆಯುತ್ತಿದ್ದ ಫ್ರೆಂಚ್ ಲೇಖಕರು. ಪತ್ತೇದಾರನ ಜಾಣತನವನ್ನೂ ಅಪರಾಧಿಯ ಸಾಹಸವನ್ನೂ ಬದಿಗಿಟ್ಟು, ಮೋಸಹೋಗುವವನ ಕಣ್ಣಿನಿಂದ ಕಥೆ ಹೇಳಬೇಕೆಂಬುದು ಅವರ ನಿಲುವಾಗಿತ್ತು. 1954ರಲ್ಲಿ ಬಂದ ಅವರ ಕಾದಂಬರಿಯಲ್ಲಿ ಫ್ಲಾವಿಯೇರ್ ಎಂಬ ವಕೀಲನಿದ್ದಾನೆ. ಹಿಂದೆ ಪೊಲೀಸನಾಗಿದ್ದವನು, ಎತ್ತರವೆಂದರೆ ತಲೆ ಸುತ್ತುವವನು. ಹಳೆಯ ಗೆಳೆಯನೊಬ್ಬ ತನ್ನ ಹೆಂಡತಿ ಮಾದ್ಲೆನ್ ಮೇಲೆ ಕಣ್ಣಿಡಲು ಇವನನ್ನು ಕೇಳಿಕೊಳ್ಳುತ್ತಾನೆ. ಎಂದೋ ಸತ್ತ ಪೂರ್ವಜೆಯ ನೆರಳು ಆಕೆಯ ಮೇಲಿದೆಯಂತೆ. ಫ್ಲಾವಿಯೇರ್ ಆಕೆಯನ್ನು ಪ್ರೀತಿಸುತ್ತಾನೆ. ಆಕೆ ಚರ್ಚಿನ ಗೋಪುರದಿಂದ ಬೀಳುತ್ತಾಳೆ. ಮೆಟ್ಟಿಲು ಹತ್ತಲಾರದ ಇವನು ಕೆಳಗೇ ಉಳಿಯುತ್ತಾನೆ. ಎರಡನೇ ಮಹಾಯುದ್ಧ ನಡುವೆ ಹಾದುಹೋಗುತ್ತದೆ. ಯುದ್ಧದ ಕೊನೆಯ ಹೊತ್ತಿಗೆ ಚಿತ್ರಮಂದಿರದಲ್ಲಿ ಸುದ್ದಿಚಿತ್ರವೊಂದನ್ನು ನೋಡುವಾಗ ಜನರ ಗುಂಪಿನಲ್ಲಿ ಅವನಿಗೆ ಅದೇ ಮುಖ ಕಾಣುತ್ತದೆ. ಆ ಹೆಣ್ಣನ್ನು ಮಾರ್ಸೆಯಲ್ಲಿ ಹುಡುಕಿ ಹಿಡಿಯುತ್ತಾನೆ. ಆಕೆ ತಾನು ಬೇರೆ ಎನ್ನುತ್ತಾಳೆ. ಕಾದಂಬರಿಯ ಕೊನೆಯಲ್ಲಷ್ಟೇ ಸತ್ಯ ಹೊರಬೀಳುತ್ತದೆ: ಗೆಳೆಯನ ನಿಜವಾದ ಹೆಂಡತಿಯನ್ನು ಕೊಲ್ಲಲು ಹೂಡಿದ ನಾಟಕದಲ್ಲಿ ಈಕೆ ಆ ಹೆಂಡತಿಯ ಪಾತ್ರ ಆಡಿದ್ದಳು. ಇವನು ಸಾಕ್ಷಿಗೆ ಬೇಕಾಗಿದ್ದ ಮನುಷ್ಯ. ಕೇಳಿದ ಮರುಕ್ಷಣ ಆಕೆಯ ಕತ್ತು ಹಿಸುಕುತ್ತಾನೆ.

1958ರಲ್ಲಿ ಹಿಚ್‌ಕಾಕ್ ಇದನ್ನು ವರ್ಟಿಗೋ ಎಂಬ ಚಿತ್ರವಾಗಿಸಿದರು. ಪ್ಯಾರಿಸ್ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ಬಂತು, ಯುದ್ಧ ಮಾಯವಾಯಿತು, ವಕೀಲ ನಿವೃತ್ತ ಪತ್ತೇದಾರನಾದ. ಇವೆಲ್ಲ ಮೇಲ್ಮೈಯ ಬದಲಾವಣೆಗಳು. ನಿಜವಾದ ಬದಲಾವಣೆ ಚಿತ್ರದ ಮೂರರಲ್ಲಿ ಎರಡು ಭಾಗ ಮುಗಿದಾಗ ಬರುತ್ತದೆ. ನಾಯಕ ಸ್ಕಾಟಿ ಜೂಡಿ ಎಂಬ ಹೆಣ್ಣನ್ನು ಕಂಡು, ಊಟಕ್ಕೆ ಕರೆದು, ಕೋಣೆಯಿಂದ ಹೊರಗೆ ಹೋಗುತ್ತಾನೆ. ಆಕೆ ಒಬ್ಬಳೇ ಉಳಿಯುತ್ತಾಳೆ, ನಮ್ಮತ್ತ ತಿರುಗುತ್ತಾಳೆ, ಗೋಪುರದಲ್ಲಿ ನಡೆದದ್ದೆಲ್ಲ ಫ್ಲ್ಯಾಶ್‌ಬ್ಯಾಕಿನಲ್ಲಿ ಕಾಣುತ್ತದೆ. ಸತ್ಯವನ್ನೆಲ್ಲ ಬರೆದ ಪತ್ರವನ್ನು ಆಕೆ ಹರಿದುಹಾಕುತ್ತಾಳೆ. ಕಾದಂಬರಿ ಕೊನೆಗೆ ಇಟ್ಟುಕೊಂಡ ಗುಟ್ಟು ಇಲ್ಲಿ ನಮ್ಮ ಕೈಗೆ ಬಂದುಬಿಟ್ಟಿತು. ಬಿಡುಗಡೆಗೆ ಮುನ್ನ ಈ ದೃಶ್ಯ ಬೇಕೇ ಬೇಡವೇ ಎಂದು ಚಿತ್ರತಂಡದಲ್ಲೇ ಚರ್ಚೆ ನಡೆದು, ತೆಗೆದು, ಮತ್ತೆ ಸೇರಿಸಿದ ದಾಖಲೆಯಿದೆ. ಅವರ ಅನುಮಾನ ಅರ್ಥವಾಗುವಂಥದ್ದೇ. ಇದ್ದ ಒಂದೇ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟ ಮೇಲೆ ಉಳಿದ ಮೂವತ್ತು, ನಲವತ್ತು ನಿಮಿಷ ಪ್ರೇಕ್ಷಕ ಯಾಕೆ ಕೂರಬೇಕು?

ಅವನು ಕೂರುವುದು ಜೂಡಿಗಾಗಿ. ಕಾದಂಬರಿಯಲ್ಲಿ ಆ ಹೆಣ್ಣು ಕೊನೆಯವರೆಗೂ ಒಗಟು. ನಾವು ಗಂಡಸಿನ ತಲೆಯೊಳಗೆ ಬಂದಿಗಳು. ಚಿತ್ರದಲ್ಲಿ ಗುಟ್ಟು ತಿಳಿದ ಕ್ಷಣದಿಂದ ಆಕೆಯ ಭಯ ನಮ್ಮ ಭಯವಾಗುತ್ತದೆ. ಸ್ಕಾಟಿ ಆಕೆಗೆ ಸತ್ತವಳ ಬೂದುಬಣ್ಣದ ಉಡುಪು ತೊಡಿಸುತ್ತಾನೆ, ಕೂದಲಿಗೆ ಬಣ್ಣ ಹಾಕಿಸುತ್ತಾನೆ, ಅದೇ ರೀತಿ ತುರುಬು ಕಟ್ಟಿಸುತ್ತಾನೆ. ಗುಟ್ಟು ತಿಳಿಯದಿದ್ದರೆ ಇದೆಲ್ಲ ಶೋಕದಲ್ಲಿ ಬುದ್ಧಿ ಕೆಟ್ಟವನ ಹುಚ್ಚಾಟವಾಗಿ ಮಾತ್ರ ಕಾಣುತ್ತಿತ್ತು. ತಿಳಿದದ್ದರಿಂದ ನಮಗೆ ಎರಡು ಯಾತನೆಗಳು ಒಟ್ಟಿಗೇ ಕಾಣುತ್ತವೆ. ಹಿಂದೊಮ್ಮೆ ಹಣಕ್ಕಾಗಿ ಆಡಿದ ಪಾತ್ರವನ್ನು ಆಕೆ ಈಗ ಪ್ರೀತಿಗಾಗಿ ಮತ್ತೆ ಆಡುತ್ತಿದ್ದಾಳೆ. ತಾನು ಮಾಡುತ್ತಿರುವುದು ಕ್ರೌರ್ಯವೆಂದು ಅವನಿಗೆ ಗೊತ್ತಿಲ್ಲ. ಕಾದಂಬರಿಯ ಲೇಖಕರು ಒಬ್ಬ ಮೋಸಹೋದವನ ಕಥೆ ಬರೆದಿದ್ದರು. ಗುಟ್ಟಿನ ಜಾಗ ಬದಲಿಸಿದ ಒಂದೇ ಕಾರಣಕ್ಕೆ ಅದು ಇಬ್ಬರು ಮೋಸಹೋದವರ ಕಥೆಯಾಯಿತು. ಬಂದಾಗ ಮಿಶ್ರ ಪ್ರತಿಕ್ರಿಯೆ ಪಡೆದ ಈ ಚಿತ್ರ 2012ರಲ್ಲಿ ಸೈಟ್ ಅಂಡ್ ಸೌಂಡ್ ಪತ್ರಿಕೆ ವಿಮರ್ಶಕರ ನಡುವೆ ನಡೆಸಿದ ಮತದಾನದಲ್ಲಿ ಸಿಟಿಜನ್ ಕೇನ್ ಚಿತ್ರವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಒಂದು ರೋಚಕ ಕಾದಂಬರಿಯಿಂದ ಹುಟ್ಟಿದ ಚಿತ್ರಕ್ಕೆ ಈ ಗೌರವ ಸಿಕ್ಕಿತೆಂಬುದನ್ನು, ಪತ್ತೇದಾರಿ ಸಾಹಿತ್ಯವನ್ನು ಕೀಳೆಂದು ತಳ್ಳುವವರು ಗಮನಿಸಬೇಕು.

ಸೈಕೊ ಚಿತ್ರದಲ್ಲಿ ಹಿಚ್‌ಕಾಕ್ ಇದಕ್ಕೆ ವಿರುದ್ಧವಾಗಿ ಗುಟ್ಟನ್ನು ಕೊನೆಗೇ ಉಳಿಸಿಕೊಂಡರಲ್ಲ ಎಂದು ತಾವು ಕೇಳಬಹುದು. ನಿಜ. ರಾಬರ್ಟ್ ಬ್ಲಾಕ್ 1959ರ ಕಾದಂಬರಿಯನ್ನು ನಾರ್ಮನ್ ಬೇಟ್ಸ್‌ನಿಂದಲೇ ಆರಂಭಿಸುತ್ತಾನೆ. ತಾಯಿ ಮಗನ ಜಗಳವನ್ನು ಮಾತು ಮಾತಾಗಿ ಬರೆಯುತ್ತಾನೆ. ತಾಯಿ ಹೀಗೆಂದಳು ಎಂದು ಬರೆದರೆ ಸಾಕು, ಓದುಗ ತಾಯಿಯನ್ನು ಕಲ್ಪಿಸಿಕೊಳ್ಳುತ್ತಾನೆ. ಎಂದೋ ಸತ್ತ ತಾಯಿಯನ್ನು ಹೀಗೆ ಬದುಕಿರುವಂತೆ ಕಾಣಿಸುವುದು 1960ರ ಚಿತ್ರದಲ್ಲಿ ಸಾಧ್ಯವಿರಲಿಲ್ಲ. ಆದ್ದರಿಂದ ಕಥೆಯನ್ನು ಹಣ ಕದ್ದು ಓಡುವ ಹೆಣ್ಣಿನಿಂದ ಆರಂಭಿಸಿ, ನಾವು ಆಕೆಯ ಜೊತೆ ಮುಕ್ಕಾಲು ಗಂಟೆ ಕಳೆದ ಮೇಲೆ ಆಕೆಯನ್ನು ಕೊಲ್ಲಿಸಿದರು. ತಾಯಿಯನ್ನು ಎತ್ತಿಕೊಂಡು ಮಗ ಮೆಟ್ಟಿಲಿಳಿಯುವಾಗ ಕ್ಯಾಮೆರಾ ಮಾತುಕತೆಯ ನೆಪದಲ್ಲಿ ನಿಧಾನವಾಗಿ ಸೂರಿಗೇರುತ್ತದೆ. ಮುಖ ಕಾಣದಿರುವುದು ಸಹಜವೆನಿಸುತ್ತದೆ. ಈ ಕೌಶಲವನ್ನು ಮೆಚ್ಚಲೇಬೇಕು. ಆದರೂ ಚಿತ್ರದ ಕಡೆಯಲ್ಲಿ ಮನೋವೈದ್ಯನೊಬ್ಬ ನಿಂತು ಎಲ್ಲವನ್ನೂ ವಿವರಿಸುತ್ತಾನೆ. ಅದೇ ಚಿತ್ರದ ಅತಿ ದುರ್ಬಲ ಭಾಗವೆಂಬುದು ಬಹುತೇಕ ವಿಮರ್ಶಕರ ಮಾತು, ನನ್ನದೂ ಹೌದು. ಗುಟ್ಟನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ತೆತ್ತ ಬೆಲೆ ಅದು. ಚಿತ್ರದ ಶಕ್ತಿಯಿರುವುದು ನಮಗೆ ಗೊತ್ತಿರುವ ಕಡೆ. ಹೆಣವಿರುವ ಕಾರನ್ನು ನಾರ್ಮನ್ ಕೆಸರಿಗೆ ತಳ್ಳಿದಾಗ ಅದು ಅರ್ಧ ಮುಳುಗಿ ನಿಲ್ಲುತ್ತದೆ. ಮುಳುಗಲಿ ಎಂದು ನಾವೂ ಬಯಸಿಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಮೊದಲು ಯಾರಿಗಾಗಿ ಮರುಗಿದ್ದೆವೋ ಅವರ ಕೊಲೆಯನ್ನು ಮುಚ್ಚಿಹಾಕುವವನ ಪರವಾಗಿ ನಮ್ಮ ಉಸಿರು ನಿಂತಿರುತ್ತದೆ.

ತಿಳಿವಳಿಕೆ ಪ್ರೇಕ್ಷಕನ ಮೇಲೆ ಹೊಣೆ ಹೊರಿಸುವುದು ಹೀಗೆ. ಬೆಚ್ಚಿಬಿದ್ದವನು ನಿರಪರಾಧಿಯಾಗಿಯೇ ಮನೆಗೆ ಹೋಗುತ್ತಾನೆ. ಗೊತ್ತಿದ್ದವನು ಹಾಗೆ ಹೋಗಲಾರ.

ಈ ಹೊಣೆಯನ್ನು ಕೈಬಿಟ್ಟ ಉದಾಹರಣೆಯೂ ಉಂಟು. ದಫ್ನೆ ದು ಮೊರಿಯರ್ ಅವರ ಕಾದಂಬರಿ ರೆಬೆಕ್ಕ 1938ರಲ್ಲಿ ಬಂತು. ಮ್ಯಾಕ್ಸಿಮ್ ತನ್ನ ಮೊದಲ ಹೆಂಡತಿಯನ್ನು ಗುಂಡಿಕ್ಕಿ ಕೊಂದಿದ್ದೇನೆಂದು ಎರಡನೆಯ ಹೆಂಡತಿಗೆ ಹೇಳುತ್ತಾನೆ. ಆಕೆಗೆ ಮೊದಲು ಆಗುವುದು ಗಾಬರಿಯಲ್ಲ, ಸಮಾಧಾನ: ಇವನು ರೆಬೆಕ್ಕಳನ್ನು ಪ್ರೀತಿಸಿರಲಿಲ್ಲ! ಆ ಸಮಾಧಾನದಲ್ಲಿ ಓದುಗನೂ ಪಾಲುದಾರ. 1940ರ ಚಿತ್ರದ ನಿರ್ಮಾಪಕ ಸೆಲ್ಜ್‌ನಿಕ್ ಮೂಲಕ್ಕೆ ನಿಷ್ಠವಾಗಿರಬೇಕೆಂದು ಪಟ್ಟು ಹಿಡಿದಿದ್ದವರು. ಆದರೆ ಹಾಲಿವುಡ್ಡಿನ ಅಂದಿನ ನಿರ್ಮಾಣ ಸಂಹಿತೆಯ ಪ್ರಕಾರ ಕೊಲೆಗಾರ ಶಿಕ್ಷೆಯಿಲ್ಲದೆ ಉಳಿಯುವಂತಿರಲಿಲ್ಲ. ಹಾಗಾಗಿ ಚಿತ್ರದಲ್ಲಿ ರೆಬೆಕ್ಕ ಎಡವಿ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಹೆಚ್ಚುಕಡಿಮೆ ಉಳಿದೆಲ್ಲವೂ ಪುಸ್ತಕದಂತೆಯೇ ಇದೆ; ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಕೂಡ ಬಂತು. ಆದರೆ ನಾಯಕಿ ಕೊಲೆಯ ಗುಟ್ಟು ಕಾಯುವವಳಾಗದೆ ಅಪಘಾತದ ಗುಟ್ಟು ಕಾಯುವವಳಾದಳು. ಘಟನೆಗಳ ನಿಷ್ಠೆಯನ್ನು ಅಳೆದರೆ ಇದು ಒಂದು ಸಣ್ಣ ತಿದ್ದುಪಡಿ. ಅರಿವಿನ ಹೊಣೆಯನ್ನು ಅಳೆದರೆ ಕಾದಂಬರಿಯ ಬೆನ್ನೆಲುಬೇ ಹೋಗಿದೆ. ವರ್ಟಿಗೋ ಊರು, ಕಾಲ, ಕೊನೆ ಎಲ್ಲವನ್ನೂ ಬದಲಿಸಿ ಮೂಲದ ಬೇಗುದಿಯನ್ನು ಆಳಗೊಳಿಸಿತು. ರೆಬೆಕ್ಕ ಎಲ್ಲವನ್ನೂ ಉಳಿಸಿಕೊಂಡು ಅದನ್ನು ತಣ್ಣಗಾಗಿಸಿತು. ಇದು ನನ್ನ ತೀರ್ಪು. ಒಪ್ಪದವರಿಗೆ ಒಪ್ಪದಿರುವ ಹಕ್ಕಿದೆ.

ಭಾರತದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎದುರಿಸಿದವರು ಸತ್ಯಜಿತ್ ರಾಯ್. ಶರದಿಂದು ಬಂದ್ಯೋಪಾಧ್ಯಾಯರ ಪತ್ತೇದಾರ ಬ್ಯೋಮಕೇಶ್ ಬಕ್ಷಿಯ ಕಥೆಯೊಂದನ್ನು ಅವರು 1967ರಲ್ಲಿ ಚಿಡಿಯಾಖಾನಾ ಎಂಬ ಚಿತ್ರವಾಗಿಸಿದರು. ಉತ್ತಮ್ ಕುಮಾರ್ ಬ್ಯೋಮಕೇಶ್. ಶಂಕಿತರನ್ನೆಲ್ಲ ಸೇರಿಸಿ ಪತ್ತೇದಾರ ವಿವರಿಸುವ ಹಳೆಯ ಪದ್ಧತಿಯ ಕೊನೆ. ಚಿತ್ರಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು, ರಾಯ್ ಅವರಿಗೆ ಮಾತ್ರ ಅದು ತೃಪ್ತಿ ಕೊಡಲಿಲ್ಲ. ಕೊಲೆಗಾರ ಯಾರೆಂದು ಕೊನೆಯಲ್ಲಿ ಬಿಚ್ಚುವ ಕಥೆ, ಆ ದೀರ್ಘ ವಿವರಣೆಯ ಕಾರಣಕ್ಕೇ, ಸಿನಿಮಾಕ್ಕೆ ಹೊಂದುವುದಿಲ್ಲವೆಂಬ ಅಭಿಪ್ರಾಯಕ್ಕೆ ಅವರು ಬಂದಿದ್ದರು.

ಮುಂದೆ ತಮ್ಮದೇ ಕಾದಂಬರಿಯನ್ನು ಚಿತ್ರ ಮಾಡುವಾಗ ಅವರು ಈ ಅಭಿಪ್ರಾಯವನ್ನು ಆಚರಣೆಗೆ ತಂದರು. ಸೋನಾರ್ ಕೆಲ್ಲಾ ಪ್ರಕಟವಾದದ್ದು 1971ರಲ್ಲಿ, ಚಿತ್ರವಾದದ್ದು 1974ರಲ್ಲಿ. ಪೂರ್ವಜನ್ಮದ ನೆನಪಿದೆಯೆನ್ನುವ ಮುಕುಲ್ ಎಂಬ ಪುಟ್ಟ ಹುಡುಗ ಚಿನ್ನದ ಕೋಟೆಯ ಚಿತ್ರ ಬರೆಯುತ್ತಾನೆ. ಡಾಕ್ಟರ್ ಹಾಜ್ರಾ ಅವನನ್ನು ರಾಜಸ್ಥಾನಕ್ಕೆ ಕರೆದೊಯ್ಯುತ್ತಾರೆ. ನಿಧಿಯ ಆಸೆಗೆ ಇಬ್ಬರು ದುಷ್ಟರು ಬೆನ್ನು ಹತ್ತುತ್ತಾರೆ. ಪತ್ತೇದಾರ ಫೆಲೂದಾ ತಮ್ಮನ ವರಸೆಯ ತೋಪ್ಶೆಯನ್ನು ಕರೆದುಕೊಂಡು ಹೊರಡುತ್ತಾನೆ. ಕಾದಂಬರಿಯನ್ನು ಹೇಳುವವನು ತೋಪ್ಶೆ. ಅವನಿಗೆ ತಿಳಿದಷ್ಟೇ ನಮಗೆ ತಿಳಿಯುತ್ತದೆ. ಅವನು ಡಾಕ್ಟರ್ ಎಂದು ನಂಬಿದವನನ್ನು ನಾವೂ ನಂಬುತ್ತೇವೆ. ಚಿತ್ರದಲ್ಲಿ ರಾಯ್ ತೋಪ್ಶೆಯ ಧ್ವನಿಯನ್ನು ಕೈಬಿಟ್ಟರು. ಜೈಪುರದ ನಾಹರಗಢದಲ್ಲಿ ನಿಜವಾದ ಡಾಕ್ಟರನ್ನು ಬೆಟ್ಟದಿಂದ ತಳ್ಳುವುದನ್ನು ನಮ್ಮ ಕಣ್ಣೆದುರೇ ತೋರಿಸಿದರು. ಅಲ್ಲಿಂದ ಮುಂದೆ ಮುಕುಲ್‌ನ ಜೊತೆಗಿರುವವನು ಡಾಕ್ಟರ್ ಅಲ್ಲವೆಂದು ಚಿತ್ರಮಂದಿರದ ಪ್ರತಿ ಮಗುವಿಗೂ ಗೊತ್ತು. ಫೆಲೂದಾನಿಗೆ ಗೊತ್ತಿಲ್ಲ. ತಾನೇ ಬರೆದ ಕಾದಂಬರಿಯ ಗುಟ್ಟನ್ನು ಒಬ್ಬ ಲೇಖಕ ತಾನೇ ಒಡೆದುಹಾಕಿದ ಈ ಉದಾಹರಣೆ ಎಷ್ಟು ಅಪರೂಪದ್ದೆಂದು ಯೋಚಿಸಿ. ಮೂಲಕ್ಕೆ ದ್ರೋಹವಾಯಿತೆಂದು ಇಲ್ಲಿ ಯಾರೂ ದೂರುವಂತಿಲ್ಲ. ಮಕ್ಕಳ ಚಿತ್ರಕ್ಕೆ ಇದು ಎಷ್ಟು ಸರಿಯಾದ ಆಯ್ಕೆ! ಫೆಲೂದಾನಿಗಿಂತ ಒಂದು ಹೆಜ್ಜೆ ಮುಂದಿರುವ ಮಗು ಅವನನ್ನು ಎಚ್ಚರಿಸಲು ಕುರ್ಚಿಯ ಅಂಚಿಗೆ ಬರುತ್ತದೆ. ಬಂಗಾಳಿ ಪ್ರವಾಸಿಗಳು ಇವತ್ತಿಗೂ ಜೈಸಲ್ಮೇರ್ ಕೋಟೆಯನ್ನು ಈ ಚಿತ್ರದ ಹೆಸರಿನಿಂದಲೇ ಗುರುತಿಸುತ್ತಾರೆ.

ಇತ್ತೀಚಿನ ಒಂದು ಉದಾಹರಣೆ ಹೇಳದಿದ್ದರೆ ವಾದ ಹಳೆಯದರಲ್ಲೇ ನಿಂತಂತಾಗುತ್ತದೆ. ಜಪಾನಿನ ಕೈಗೊ ಹಿಗಾಶಿನೊ 2005ರಲ್ಲಿ ಪ್ರಕಟಿಸಿದ, ಶಂಕಿತ ಎಕ್ಸ್‌ನ ಸಮರ್ಪಣೆಯ ಕಾದಂಬರಿ ಜಪಾನಿನಲ್ಲಿ 2008ರಲ್ಲಿ, ಕೊರಿಯಾದಲ್ಲಿ 2012ರಲ್ಲಿ, ಚೀನಾದಲ್ಲಿ 2017ರಲ್ಲಿ, ಹಿಂದಿಯಲ್ಲಿ ಜಾನೆ ಜಾನ್ ಎಂಬ ಹೆಸರಿನಿಂದ 2023ರಲ್ಲಿ ಚಿತ್ರವಾಯಿತು. ಹಿಂದಿಯಲ್ಲಿ ಕಥೆ ಕಾಲಿಂಪಾಂಗಿಗೆ ಬಂತು. ಮೂಲದಲ್ಲಿ ಗುಟ್ಟನ್ನು ಬಿಡಿಸುವ ಭೌತವಿಜ್ಞಾನಿಯನ್ನು ಕೊರಿಯನ್ ಮತ್ತು ಹಿಂದಿ ಚಿತ್ರಗಳೆರಡೂ ಕೈಬಿಟ್ಟು, ಅಪರಾಧವನ್ನು ಮುಚ್ಚಿಹಾಕುವವನ ಹಳೆಯ ಸಹಪಾಠಿಯನ್ನು ಪೊಲೀಸನನ್ನಾಗಿಸಿದವು. ಇಷ್ಟು ಭಾಷೆಗಳಿಗೆ ಅದು ಒಗ್ಗಿದ್ದೇಕೆ? ಕಾಡುವ ಮಾಜಿ ಗಂಡನನ್ನು ಹೆಣ್ಣೊಬ್ಬಳು ಕೊಲ್ಲುವುದನ್ನು, ನೆರೆಮನೆಯ ಗಣಿತದ ಮೇಷ್ಟ್ರು ನೆರವಿಗೆ ಬರುವುದನ್ನು ಕಾದಂಬರಿ ಮೊದಲಲ್ಲೇ ಹೇಳಿಬಿಡುತ್ತದೆ. ಎಲ್ಲ ಗೊತ್ತಿದೆಯೆಂಬ ವಿಶ್ವಾಸದಲ್ಲಿ ನಾವು ಆಕೆಯ ಪರ ನಿಲ್ಲುತ್ತೇವೆ. ಪೊಲೀಸರಿಗೆ ಸಿಕ್ಕ ಹೆಣ ಆ ಗಂಡನದೇ ಅಲ್ಲ, ಮೇಷ್ಟ್ರು ಆಕೆಯನ್ನು ಕಾಪಾಡಲು ಇನ್ನೊಬ್ಬ ಅಮಾಯಕನನ್ನು ಕೊಂದಿದ್ದಾನೆ ಎಂಬುದು ಕೊನೆಯಲ್ಲಿ ತಿಳಿದಾಗ, ಆ ವಿಶ್ವಾಸವೇ ನಮ್ಮನ್ನು ಕುರುಡಾಗಿಸಿತ್ತೆಂದು ಗೊತ್ತಾಗುತ್ತದೆ. ಒಂದು ಗುಟ್ಟನ್ನು ಕೈಗೆ ಕೊಟ್ಟು ಅದರ ಹಿಂದೆ ಇನ್ನೊಂದನ್ನು ಇಟ್ಟ ಈ ಕಟ್ಟಡ ಪುಸ್ತಕದಲ್ಲೇ ಸಿನಿಮಾಕ್ಕೆ ಸಿದ್ಧವಾಗಿತ್ತು.

ಕನ್ನಡಕ್ಕೆ ಬಂದರೆ, ಸುನೀಲ್ ಕುಮಾರ್ ದೇಸಾಯಿ ಅವರ ಬೆಳದಿಂಗಳ ಬಾಲೆ (1995) ನನಗೆ ಮೊದಲು ನೆನಪಾಗುತ್ತದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಅದರ ಮೂಲ. ಅದರಲ್ಲಿ ಕೊಲೆಯಿಲ್ಲ, ಶೋಧವಿದೆ. ಅನಂತ್ ನಾಗ್ ಅವರ ಚದುರಂಗದ ಆಟಗಾರ ದೂರವಾಣಿಯಲ್ಲಿ ಕೇಳಿದ ಹೆಣ್ಣುದನಿಯನ್ನು ಒಂದೊಂದೇ ಸುಳಿವಿನಿಂದ ಹುಡುಕುತ್ತಾ ಹೋಗುತ್ತಾನೆ. ಕಾದಂಬರಿಗೆ ಮುಖ ತೋರಿಸದಿರುವುದು ಏನೇನೂ ಕಷ್ಟವಲ್ಲ. ತೋರಿಸುವುದೇ ಕಸುಬಾದ ಮಾಧ್ಯಮದಲ್ಲಿ ಆ ಮುಖವನ್ನು ಕೊನೆಯವರೆಗೂ ತೋರಿಸದೆ ಉಳಿಸಿದ್ದು ದೊಡ್ಡ ಧೈರ್ಯ. ಅಲ್ಲಿ ಅಡಗಿಸಿದ್ದು ಎದ್ದು ಕಾಣುತ್ತದೆ ನಿಜ, ಆದರೆ ಅಡಗಿರುವುದೇ ಅಲ್ಲಿನ ವಿಷಯ. ನಾಯಕನಿಗೆ ಕಾಣದ್ದು ನಮಗೂ ಕಾಣದು. ಇಬ್ಬರಿಗೂ ಇರುವುದು ಕಿವಿ ಮಾತ್ರ.

ಇಂಥ ಚಿತ್ರಗಳು ನಮ್ಮಲ್ಲಿ ಕಡಿಮೆ. ಕಾದಂಬರಿ ಆಧಾರಿತ ಕನ್ನಡ ಚಿತ್ರ ಎಂದೊಡನೆ ತ್ರಿವೇಣಿಯವರ ಬೆಳ್ಳಿಮೋಡ, ಶರಪಂಜರ, ತರಾಸು ಅವರ ನಾಗರಹಾವು ನಾಲಿಗೆಗೆ ಬರುತ್ತವೆ; ಪತ್ತೇದಾರಿ ಕಾದಂಬರಿಯ ಹೆಸರು ಬರುವುದಿಲ್ಲ. ನಮ್ಮಲ್ಲಿ ಆ ಸಾಹಿತ್ಯವಿರಲಿಲ್ಲವೆಂದಲ್ಲ. ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದರು; ಅವರ ಪತ್ತೇದಾರ ಪುರುಷೋತ್ತಮ ಬಾಡಿಗೆ ಪುಸ್ತಕದ ಅಂಗಡಿಗಳ ಮೂಲಕ ಊರೂರಿಗೆ ಹೋದ, ಅಕ್ಷರ ಕಲಿತ ಎಷ್ಟೋ ಜನರನ್ನು ಓದುಗರನ್ನಾಗಿಸಿದ. ಪತ್ತೇದಾರಿ ಕಾದಂಬರಿಗಳಿಂದ ಮನೆಮಾತಾದ ಟಿ.ಕೆ. ರಾಮರಾವ್ ಅವರ ಕೃತಿಗಳಲ್ಲಿ ತೆರೆಯ ಮೇಲೆ ಚರಿತ್ರೆ ಬರೆದದ್ದು 1972ರ ಬಂಗಾರದ ಮನುಷ್ಯ, ಹಳ್ಳಿಯ ಮಣ್ಣಿನ ಕಥೆ. ಮನೆಯವರಿಗೆ ಹೇಳದೆ ಕಾಯ್ದುಕೊಂಡ ಸಂಗತಿಯೊಂದರಿಂದ ನಾಯಕ ರಾಜೀವ ಶಂಕೆಗೆ ಗುರಿಯಾಗುವ ಆ ಭಾಗದಲ್ಲಿ ಪತ್ತೇದಾರಿ ಬರೆದು ಪಳಗಿದ ಕೈಯ ಗುರುತು ನನಗೆ ಕಾಣುತ್ತದೆ.

ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪುಸ್ತಕಗಳು ಇಂದು ಪುಡಿಯಾಗುತ್ತಿವೆ. ಸಾಹಿತ್ಯವೆಂದು ಪರಿಗಣಿಸದ ಕಾರಣ ಅವನ್ನು ಕಾಯ್ದಿಟ್ಟವರು ಕಡಿಮೆ. ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಅವನ್ನು ಹುಡುಕಿ ಸಂಗ್ರಹಿಸಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಚಿತ್ರಕಥೆ ಬರೆಯುವ ತರುಣ ತರುಣಿಯರಲ್ಲಿ ನನ್ನ ವಿನಂತಿ ಬೇರೆ. ನಮ್ಮ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಕೈಗೆತ್ತಿಕೊಳ್ಳಿ. ಕೊಲೆಗಾರನ ಹೆಸರು ಮೊದಲೇ ಗೊತ್ತಿದ್ದೂ ಆ ಕಥೆ ಜನರನ್ನು ಹಿಡಿದು ಕೂರಿಸುವಂತೆ ಅದನ್ನು ಹೊಸದಾಗಿ ಬರೆದು ನೋಡಿ.